ಘಟ್ಟದ ಮೇಲೆ ಬೆಣ್ಣೆ ಆಯ್ಸ್ಟರ್: ಯಾವ ಚಿಪ್ಪಿ, ಯಾವ ಬೆಂಕಿ, ಯಾವ ಬೆಣ್ಣೆ?

ಆಯ್ಸ್ಟರ್ ಅನ್ನುವ ಕಡಲ ಚಿಪ್ಪಿಯನ್ನು ಬೆಣ್ಣೆ ಹಾಕಿ ಸುಟ್ಟರೆ ಅದು ದೊಡ್ಡ ಹೋಟೆಲಿನ ತಿಂಡಿ ಅಂದುಕೊಂಡವರೇ ಜಾಸ್ತಿ. ಶಿವಮೊಗ್ಗದಲ್ಲೋ, ಸಾಗರದಲ್ಲೋ, ತೀರ್ಥಹಳ್ಳಿಯಲ್ಲೋ ಮನೆಯಲ್ಲೇ ಮಾಡಬಹುದಾ ಅಂತ ಯಾರಾದರೂ ಕೇಳಿದರೆ ಖಂಡಿತ ಮಾಡಿ ಅನ್ನುತ್ತೇನೆ. ಘಟ್ಟ ಇಳಿದರೆ ಸಮುದ್ರ. ಬೆಣ್ಣೆ, ಕಾಳುಮೆಣಸು, ಸೂಜಿಮೆಣಸು, ಶುಂಠಿ ನಮ್ಮಲ್ಲೇ ಇವೆ. ಕೆಂಡಕ್ಕಂತೂ ಮಲೆನಾಡಿನ ಮನೆಯಲ್ಲಿ ಬರವಿಲ್ಲ.

ಗೊಂದಲ ಇರುವುದು ಆಯ್ಕೆಯಲ್ಲಿ. ಆಯ್ಸ್ಟರೇ ಬೇಕಾ, ನೀಲಿಕಲ್ಲು ಅನ್ನುವ ಇನ್ನೊಂದು ಚಿಪ್ಪಿ ಆದೀತಾ? ಕೆಂಡವೋ, ಓವನ್ನೋ, ಇಡ್ಲಿ ಪಾತ್ರೆಯೋ? ಪ್ಯಾಕೆಟ್ ಬೆಣ್ಣೆಯೋ, ಮನೆಯಲ್ಲಿ ಕಡೆದದ್ದೋ? ಇವಕ್ಕೆಲ್ಲ ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ: ಚಿಪ್ಪಿಯೊಳಗಿನ ನೀರು ಉಳಿಯುತ್ತದಾ, ಚೆಲ್ಲಿ ಹೋಗುತ್ತದಾ? ಆ ಎರಡು ಚಮಚ ಉಪ್ಪುನೀರಿನಲ್ಲೇ ಸಮುದ್ರದ ರುಚಿ ಇರುವುದು. ಬೆಣ್ಣೆ ಅದರ ಜೊತೆ ಕೂಡಿದರೆ ಸಾರು ಆಗುತ್ತದೆ. ನೀರು ಹೋದ ಮೇಲೆ ಉಳಿಯುವುದು ಬೆಣ್ಣೆ ಸವರಿದ ರಬ್ಬರು ಅಷ್ಟೇ.

ಯಾವ ಚಿಪ್ಪಿ?

ಆಯ್ಸ್ಟರಿಗೆ ಕಾರವಾರದ ಕಡೆ ಕೊಂಕಣಿಯಲ್ಲಿ ಕಾಲ್ವಾ ಅನ್ನುತ್ತಾರೆ. ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ, ಬಂಡೆಗೆ, ಸೇತುವೆಯ ಕಂಬಕ್ಕೆ ಅಂಟಿಕೊಂಡು ಗೊಂಚಲಾಗಿ ಬೆಳೆಯುತ್ತದೆ. ಹೊರಗಡೆ ಒರಟು, ಅಂಚು ಕೈ ಕೊಯ್ಯುವಷ್ಟು ಚೂಪು. ಎರಡು ಚಿಪ್ಪಿನಲ್ಲಿ ಒಂದು ಚಪ್ಪಟೆ, ಇನ್ನೊಂದು ತಗ್ಗು. ಒಳಗೆ ಬಿಳಿ ಹೊಳಪು, ಸ್ನಾಯು ಅಂಟಿದ ಜಾಗದಲ್ಲಿ ಮಾತ್ರ ಕಡು ನೇರಳೆ ಮಚ್ಚೆ. ನಮ್ಮ ಅಳಿವೆಯ ಆಯ್ಸ್ಟರಿನ ಗುರುತೇ ಅದು. ಬೆಣ್ಣೆ ಅಡುಗೆಗೆ ಆಯ್ಸ್ಟರ್ ಒಪ್ಪುವುದು ಆ ತಗ್ಗು ಚಿಪ್ಪಿನಿಂದಲೇ. ನೀರೂ ನಿಲ್ಲುತ್ತದೆ, ಬೆಣ್ಣೆಯೂ ನಿಲ್ಲುತ್ತದೆ. ಪಾತ್ರೆ ಬೇರೆ ಬೇಕಾಗಿಲ್ಲ. ಚಿಪ್ಪು ದಪ್ಪ ಇರುವುದರಿಂದ ಜೋರು ಕೆಂಡವನ್ನೂ ತಡೆದುಕೊಳ್ಳುತ್ತದೆ.

ನೀಲಿಕಲ್ಲು, ಮಂಗಳೂರು ಕಡೆಯವರ ಪಚ್ಚಿಲೆ, ಇದರ ನಂತರದ್ದು. ಚಿಪ್ಪು ತೆಳು, ಮಾಂಸ ಜಾಸ್ತಿ, ಬಾಯಿ ಬೇಗ ಬಿಡುತ್ತದೆ. ಬಾಯಿ ಬಿಟ್ಟ ಕೂಡಲೇ ವಾಲಿ ನೀರೆಲ್ಲ ಚೆಲ್ಲುತ್ತದೆ ಅನ್ನುವುದೇ ಇದರ ತೊಂದರೆ. ಹಾಗಾಗಿ ನೀಲಿಕಲ್ಲನ್ನು ನೇರವಾಗಿ ಜಾಲರಿಯ ಮೇಲೆ ಇಡಬೇಡಿ. ಅಗಲ ಬಾಣಲೆಗೆ ಹಾಕಿ, ಮುಚ್ಚಿ, ಬಾಯಿ ಬಿಡಿಸಿ, ಬಂದ ನೀರಿಗೇ ಬೆಣ್ಣೆ ಸೇರಿಸಿ. ಚಿಪ್ಪಿನ ಸಂದಿಯಲ್ಲಿ ನಾರಿನ ಜುಟ್ಟು ಇರುತ್ತದೆ, ಅದನ್ನು ಬೇಯಿಸುವ ಮೊದಲು ಎಳೆದು ತೆಗೆಯಬೇಕು. ಮೊದಲ ಸಲ ಚಿಪ್ಪಿ ಅಡುಗೆ ಮಾಡುವವರಿಗೆ ನಾನು ಹೇಳುವುದು ನೀಲಿಕಲ್ಲನ್ನೇ. ಚಾಕು ಹಿಡಿದು ಒದ್ದಾಡುವ ಕೆಲಸ ಇಲ್ಲ.

ಬಳಚು ಅಥವಾ ಮರುವಾಯಿ ಸುಡುವುದಕ್ಕೆ ಆಗುವುದಿಲ್ಲ, ತೀರಾ ಸಣ್ಣದು. ಅದು ಸುಕ್ಕಕ್ಕೇ ಇರಲಿ. ಬೆಣ್ಣೆಯಲ್ಲೇ ಬೇಕು ಅಂದರೆ ಬಾಣಲೆಯಲ್ಲಿ ಎರಡು ಮೂರು ಸಲ ತಿರುವಿ ಇಳಿಸಿ. ಅದಕ್ಕೂ ಮೊದಲು ಮರಳು ಬಿಡಿಸಬೇಕು. ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಹಾಕಿ ಕೆಲವು ಗಂಟೆ ಬಿಟ್ಟರೆ ತಾನೇ ಉಗುಳುತ್ತದೆ.

ತುಂಗೆಯ ಸಿಹಿನೀರಿನ ಚಿಪ್ಪಿ ಆಗುತ್ತದಾ ಅಂತ ಕೇಳುವವರಿದ್ದಾರೆ. ಬೇಡ. ಅದರಲ್ಲಿ ಉಪ್ಪಿನ ರುಚಿಯೇ ಇಲ್ಲ. ಚಿಪ್ಪಿ ತಾನಿರುವ ನೀರನ್ನು ಸೋಸಿ ತಿನ್ನುವ ಪ್ರಾಣಿ, ಊರಿನ ಚರಂಡಿ ಸೇರುವ ನದಿಯಲ್ಲಿ ಅದು ಏನೇನು ಸೋಸಿರುತ್ತದೆ ಅಂತ ಯೋಚಿಸಿದರೆ ಸಾಕು.

ಎಲ್ಲಿಯದು, ಯಾವಾಗ?

ಸಾಗರದವರಿಗೆ ಹೊನ್ನಾವರ ಹತ್ತಿರ. ಹಾಗಂತ ಶರಾವತಿ ಅಳಿವೆಯಲ್ಲಿ ಕುಮಟಾದ ಅಘನಾಶಿನಿಯಷ್ಟು ಚಿಪ್ಪಿ ಸಿಗುವುದಿಲ್ಲ. ಅದರ ಕಾರಣ ಇರುವುದು ಸಾಗರದವರ ಕಣ್ಣೆದುರೇ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಕರೆಂಟ್ ತೆಗೆದ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತಲೇ ಇರುತ್ತದೆ. ಸಮುದ್ರದ ಉಪ್ಪುನೀರು ಅಳಿವೆಯೊಳಗೆ ಬರಬೇಕಾದಷ್ಟು ಬರುವುದಿಲ್ಲ. ಉಪ್ಪಿಲ್ಲದ ನೀರು ಕಡಲ ಚಿಪ್ಪಿಗೆ ಆಗಿಬರುವುದಿಲ್ಲ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಶಿರಸಿಯ ಬಳಿ ಹುಟ್ಟಿ ಸಲೀಸಾಗಿ ಸಮುದ್ರ ಸೇರುತ್ತದೆ, ಅದರ ಅಳಿವೆಯಲ್ಲಿ ಚಿಪ್ಪಿ ಆರಿಸಿ ಬದುಕುವ ಕುಟುಂಬಗಳು ಬೇಕಾದಷ್ಟಿವೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೊನ್ನಾವರದ ಪೇಟೆಯಲ್ಲಿ ಚಿಪ್ಪಿ ಸಿಕ್ಕರೆ ಎಲ್ಲಿಯದು ಅಂತ ಕೇಳಿ. ಕುಮಟಾ ಕಡೆಯದ್ದು ಅಂದರೆ ಖುಷಿಯಿಂದ ತಗೊಳ್ಳಿ.

ತೀರ್ಥಹಳ್ಳಿಯವರು ಆಗುಂಬೆ ಘಾಟಿಯ 14 ತಿರುವು ಇಳಿದರೆ ಹೆಬ್ರಿ, ಉಡುಪಿ, ಮಲ್ಪೆ. ಹೊಸನಗರದವರಿಗೆ ಹುಲಿಕಲ್ ಘಾಟಿ ಇಳಿದು ಕುಂದಾಪುರ, ಗಂಗೊಳ್ಳಿ. ಇನ್ನೂ ದಕ್ಷಿಣಕ್ಕೆ ಮೂಲ್ಕಿಯ ಅಳಿವೆಯಲ್ಲೂ ಆಯ್ಸ್ಟರ್ ಚೆನ್ನಾಗಿದೆ. ಶಿವಮೊಗ್ಗದ ಮೀನು ಮಾರ್ಕೆಟ್ಟಿಗೆ ಕರಾವಳಿಯಿಂದ ಮೀನು ಬರುತ್ತದೆ, ಚಿಪ್ಪಿ ಮಾತ್ರ ದಿನಾ ಇರುವುದಿಲ್ಲ. ನಿಮ್ಮ ಮೀನಿನವರಿಗೆ ಎರಡು ದಿನ ಮೊದಲೇ ಹೇಳಿಡಿ. ಹೇಳುವಾಗ ಬಿಡಿಸಿದ ಮಾಂಸ ಬೇಡ, ಬಾಯಿ ಮುಚ್ಚಿರುವ ಇಡೀ ಚಿಪ್ಪಿಯೇ ಬೇಕು ಅಂತ ಒತ್ತಿ ಹೇಳಿ.

ಮಳೆಗಾಲದಲ್ಲಿ ಈ ಅಡುಗೆಯ ಆಸೆ ಬಿಡಿ. ಹೊಳೆ ಉಕ್ಕಿ ಅಳಿವೆಯ ನೀರು ಕೆಸರಾಗಿ ಸಪ್ಪೆಯಾಗುತ್ತದೆ, ಊರುಗಳ ಕೊಳೆಯೂ ಅದರ ಜೊತೆಗೇ ಬರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಡಿಸೆಂಬರ್, ಜನವರಿ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ಹೇಗೂ ಉರಿಯುತ್ತಿರುತ್ತದೆ, ಸಂಜೆ ಹೊತ್ತಿಗೆ ಅದರ ತುಂಬಾ ಕೆಂಡ. ಆಯ್ಸ್ಟರ್ ಸುಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಮಲೆನಾಡಿನಲ್ಲಿ ಇನ್ನೊಂದಿಲ್ಲ.

ಬದುಕಿದೆಯಾ ನೋಡಿ

ಇದರಲ್ಲಿ ಆಯ್ಕೆ ಇಲ್ಲ, ನಿಯಮ ಮಾತ್ರ. ಚಿಪ್ಪಿ ಒಲೆಗೆ ಹೋಗುವ ತನಕ ಬದುಕಿರಬೇಕು. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ತಟ್ಟಿ, ಮುಚ್ಚಿಕೊಂಡರೆ ಸರಿ. ಮುಚ್ಚದಿದ್ದರೆ, ಒಡೆದಿದ್ದರೆ, ಕೆಟ್ಟ ವಾಸನೆ ಬಂದರೆ ಎಸೆಯಿರಿ. ಕೈಯಲ್ಲಿ ಹಿಡಿದಾಗ ಭಾರ ಅನ್ನಿಸಬೇಕು. ಹಗುರ ಇದ್ದರೆ ಒಳಗಿನ ನೀರು ಸೋರಿ ಹೋಗಿದೆ ಅಂತಲೇ ಅರ್ಥ.

ಘಟ್ಟ ಹತ್ತಿಸುವಾಗ ಆಯ್ಸ್ಟರ್ ಉಳಿದೆರಡಕ್ಕಿಂತ ಗಟ್ಟಿ. ತಂಪಾಗಿ, ತೇವವಾಗಿ ಇದ್ದರೆ ನೀರಿನಾಚೆಯೂ ಕೆಲವು ದಿನ ಬದುಕುತ್ತದೆ. ನೀಲಿಕಲ್ಲು ಅಷ್ಟು ತಾಳುವುದಿಲ್ಲ, ತಂದ ದಿನವೇ ಬೇಯಿಸಿ. ಐಸ್ ಪೆಟ್ಟಿಗೆಯಲ್ಲಿ ತರುವಾಗ ಐಸ್ ಕೆಳಗಿರಲಿ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಒದ್ದೆ ಗೋಣಿತಾಟು ಹಾಸಿ ಚಿಪ್ಪಿ ಇಡಿ. ಕರಗಿದ ನೀರಿನಲ್ಲಿ ಮುಳುಗಿದರೆ ಸಾಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲೂ ಸಾಯುತ್ತದೆ. ಮನೆಗೆ ಬಂದ ಮೇಲೆ ಬಕೆಟ್ ನೀರಿನಲ್ಲಿ ಹಾಕಿಡುವವರಿದ್ದಾರೆ, ಬಾವಿ ನೀರು ಎಷ್ಟೇ ಶುದ್ಧ ಇದ್ದರೂ ಅದು ಇವಕ್ಕೆ ವಿಷವೇ. ಅಗಲ ಪಾತ್ರೆಯಲ್ಲಿ ತಗ್ಗು ಚಿಪ್ಪು ಕೆಳಗಾಗುವ ಹಾಗೆ ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಅಡುಗೆಗೆ ಮೊದಲು ಬ್ರಷ್ ಹಾಕಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯಿರಿ. ದಪ್ಪ ಗ್ಲೌಸ್ ಹಾಕಿಕೊಳ್ಳಿ.

ಹಸಿ ಆಯ್ಸ್ಟರ್ ತಿನ್ನುವ ಪದ್ಧತಿ ಹೊರದೇಶಗಳಲ್ಲಿದೆ. ನಮ್ಮ ಬೆಚ್ಚನೆಯ ಅಳಿವೆಗಳ ಚಿಪ್ಪಿಗೆ ಅದು ಬೇಡವೇ ಬೇಡ. ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ, ನೊರೋ ವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ, ಮೂರೂ ಚಿಪ್ಪಿಯಿಂದ ಬರಬಹುದು. ಲಿವರ್ ತೊಂದರೆ, ಶುಗರ್ ಇರುವವರು, ಬಸುರಿಯರು ಚೆನ್ನಾಗಿ ಬೆಂದಿದ್ದನ್ನು ಮಾತ್ರ ತಿನ್ನಬೇಕು. ಸಿಗಡಿ, ಏಡಿ ತಿಂದರೆ ಮೈ ತುರಿಸುವವರು ಚಿಪ್ಪಿಯ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಯಾವ ಬೆಂಕಿ?

ರುಚಿ ಒಂದೇ ನೋಡಿದರೆ ಕೆಂಡಕ್ಕೆ ಸಮ ಯಾವುದೂ ಇಲ್ಲ. ನಮ್ಮಲ್ಲಿ ಒಣಮೀನು, ಏಡಿ ಸುಡುವುದು ಹೊಸದೇನಲ್ಲ, ಅದೇ ಕೈ ಇಲ್ಲೂ ಸಾಕು. ಬಚ್ಚಲೊಲೆಯಿಂದ ಕೆಂಡ ಎಳೆದುಕೊಳ್ಳಿ, ಇಲ್ಲವೇ ಎರಡು ಕಲ್ಲಿನ ಮಧ್ಯೆ ತೆಂಗಿನ ಕರಟ ಉರಿಸಿ. ಕರಟದ ಕೆಂಡ ಜೋರು ಕಾವು ಕೊಡುತ್ತದೆ, ಬೇಗ ಬೂದಿಯೂ ಆಗುತ್ತದೆ. ಹಾಗಾಗಿ ಕರಟದ ಜೊತೆ ಎರಡು ಗಟ್ಟಿ ಕಟ್ಟಿಗೆಯ ತುಂಡು ಇರಲಿ. ಬಣ್ಣ ಬಳಿದ ಹಳೇ ಮರ, ಪ್ಲೈವುಡ್ ಚೂರು ಹಾಕಬೇಡಿ. ಉರಿ ಇಳಿದು ಕೆಂಡದ ಮೇಲೆ ಬೂದಿ ಹಿಡಿದ ಮೇಲೆ ನಾಲ್ಕು ಇಂಚು ಎತ್ತರದಲ್ಲಿ ಜಾಲರಿ ಇಡಿ. ತಗ್ಗು ಚಿಪ್ಪು ಕೆಳಗೆ. ಇದನ್ನು ಮರೆತರೆ ನೀರೆಲ್ಲ ಕೆಂಡಕ್ಕೇ.

ಮೊದಲ ಎರಡು ಮೂರು ನಿಮಿಷ ಏನೂ ಆಗುವುದಿಲ್ಲ. ಹೊರಗಿನ ತೇವ ಆರಿ ಚಿಪ್ಪು ಬಿಳಿಚಿಕೊಳ್ಳುತ್ತದೆ. ಆಮೇಲೆ ಅಂಚಿನ ಒಂದು ಕಡೆ ಸಣ್ಣ ಗುಳ್ಳೆಗಳು ಏಳುತ್ತವೆ, ಸುಂಯ್ ಅನ್ನುವ ಸದ್ದು ಬರುತ್ತದೆ. ಬಾಯಿ ಪೂರ್ತಿ ಬಿಡುತ್ತದೆ ಅಂತ ಕಾಯಬೇಡಿ, ಆಯ್ಸ್ಟರ್ ಬಿಡುವುದು ಉಗುರು ತೂರುವಷ್ಟು ಮಾತ್ರ. ಹಾಗೆ ಬಿಟ್ಟ ಮೇಲೂ ಮೂರು ನಿಮಿಷ ಅಲ್ಲೇ ಇರಲಿ. ಆಮೇಲೆ ಇಕ್ಕಳದಲ್ಲಿ ಎತ್ತಿ, ದಪ್ಪ ಬಟ್ಟೆಯಲ್ಲಿ ಅಲುಗಾಡದ ಹಾಗೆ ಹಿಡಿದು, ಮೊಂಡು ಚಾಕುವನ್ನು ಸಂದಿಗೆ ತೂರಿಸಿ ಮೇಲಿನ ಚಪ್ಪಟೆ ಚಿಪ್ಪು ತೆಗೆಯಿರಿ. ನೇರಳೆ ಮಚ್ಚೆಯ ಹತ್ತಿರ ಸ್ನಾಯು ಹಿಡಿದುಕೊಂಡಿರುತ್ತದೆ, ಅಲ್ಲಿ ಒಂದು ಸಲ ಕೊಯ್ದರೆ ಸಾಕು. ಒಂದು ಚಮಚ ಬೆಣ್ಣೆ ಮೇಲಿಟ್ಟು ವಾಪಸ್ ಜಾಲರಿಗೆ. ಬೆಣ್ಣೆ ಕರಗಿ ಒಳಗಿನ ನೀರಿನ ಜೊತೆ ಕುದಿಯುತ್ತದೆ, ಮಾಂಸದ ಅಂಚು ಸೆರಗಿನ ನೆರಿಗೆಯಂತೆ ಮುದುಡುತ್ತದೆ. ಅಂಚು ಪೂರ್ತಿ ಮುದುಡಿ, ನಡುವಿನ ಉಬ್ಬು ಮುಟ್ಟಿದರೆ ಗಟ್ಟಿ ಅನ್ನಿಸುವ ತನಕ, ಅಂದರೆ ಇನ್ನು ನಾಲ್ಕೈದು ನಿಮಿಷ ಬಿಡಿ. ಬೆಣ್ಣೆ ಉಕ್ಕಿ ಕೆಂಡಕ್ಕೆ ಬಿದ್ದಾಗ ಏಳುವ ಹೊಗೆಯೇ ಈ ಅಡುಗೆಯ ಅರ್ಧ ರುಚಿ.

ಕೆಂಡದ ಕಷ್ಟವನ್ನೂ ಹೇಳಬೇಕು. ಕಾವು ಒಂದೇ ಸಮ ಇರುವುದಿಲ್ಲ. ಒಂದು ಚಿಪ್ಪಿ ಆರು ನಿಮಿಷಕ್ಕೆ ಬಾಯಿ ಬಿಟ್ಟರೆ ಪಕ್ಕದ್ದು ಹತ್ತು ನಿಮಿಷ ತಗೊಳ್ಳುತ್ತದೆ. ಚಿಪ್ಪಿನ ಚಕ್ಕೆ ಸಿಡಿಯುವುದೂ ಉಂಟು, ಮಕ್ಕಳನ್ನು ದೂರ ಕೂರಿಸಿ. ಹತ್ತು ಹನ್ನೆರಡು ಆಯ್ಸ್ಟರಿಗೆ, ಅಂಗಳದಲ್ಲಿ ಕುಳಿತು ಸುಡುತ್ತಾ ತಿನ್ನುವುದಕ್ಕೆ ಕೆಂಡ ಸರಿ. ಇಪ್ಪತ್ತು ಜನ ನೆಂಟರಿಗೆ ಒಟ್ಟಿಗೇ ಬಡಿಸಬೇಕು ಅಂದರೆ ಕೆಂಡ ನಿಮ್ಮನ್ನು ಸುಸ್ತು ಮಾಡುತ್ತದೆ.

ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿ, ಬಾಡಿಗೆ ಮನೆಯಲ್ಲಿ ಇರುವವರಿಗೆ ಓವನ್ ಅಥವಾ ಓಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್, ಒಳ್ಳೆಯದು. ರುಚಿಯಲ್ಲಿ ಒಂದು ಮೆಟ್ಟಿಲು ಕೆಳಗೆ, ನಂಬಿಕೆಯಲ್ಲಿ ಒಂದು ಮೆಟ್ಟಿಲು ಮೇಲೆ. ಟ್ರೇನಲ್ಲಿ ಒಂದು ಬೆರಳು ದಪ್ಪ ಕಲ್ಲುಪ್ಪು ಹರಡಿ. ಅದರಲ್ಲಿ ಚಿಪ್ಪಿ ಹೂತಿಟ್ಟರೆ ವಾಲುವುದಿಲ್ಲ, ನೀರು ಚೆಲ್ಲುವುದಿಲ್ಲ. ಓವನ್ 230 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಕಾದಿರಲಿ. ಬಾಯಿ ಬಿಟ್ಟ ಮೇಲೆ ಹೊರಗೆ ತೆಗೆದು, ಮೇಲಿನ ಚಿಪ್ಪು ಬಿಡಿಸಿ, ಬೆಣ್ಣೆ ಹಾಕಿ, ಮತ್ತೆ ಹತ್ತು ನಿಮಿಷ. ಬಿಡಿಸಿದ ಆಯ್ಸ್ಟರಿಗೆ ಈ ಕಾವಿನಲ್ಲಿ ಹತ್ತು ನಿಮಿಷ ಬೇಕು ಅನ್ನುವುದು ಅಮೆರಿಕದ ಆಹಾರ ಇಲಾಖೆಯ ಸಲಹೆಯೂ ಹೌದು. ಕೊನೆಯ ಎರಡು ನಿಮಿಷ ಮೇಲಿನ ರಾಡ್ ಮಾತ್ರ ಹಾಕಿದರೆ ಬೆಣ್ಣೆ ಅಲ್ಲಲ್ಲಿ ಕೆಂಪಗಾಗುತ್ತದೆ. ಸಣ್ಣ ಓಟಿಜಿಯಲ್ಲಿ ಒಂದು ಸಲಕ್ಕೆ ಎಂಟೋ ಒಂಬತ್ತೋ ಹಿಡಿಯುತ್ತವೆ. ಆ ಕಲ್ಲುಪ್ಪನ್ನು ಎಸೆಯಬೇಡಿ, ಮುಂದಿನ ಸಲಕ್ಕೂ ಆಗುತ್ತದೆ.

ಓವನ್ ಇಲ್ಲದಿದ್ದರೆ ದಪ್ಪ ಕಬ್ಬಿಣದ ಕಾವಲಿ. ಅದೇ ಕಲ್ಲುಪ್ಪಿನ ಹಾಸು, ಮೇಲೆ ಗುಮ್ಮಟದ ಮುಚ್ಚಳ, ಜೋರು ಉರಿ. ಕೆಂಪಗಾಗುವುದಿಲ್ಲ ಅನ್ನುವುದು ಬಿಟ್ಟರೆ ಓವನ್ನಿನ ಕೆಲಸ ಬಹುಪಾಲು ಮಾಡುತ್ತದೆ. ಹಪ್ಪಳ ಸುಡುವ ಜಾಲರಿ ಇಟ್ಟು ನೇರ ಗ್ಯಾಸಿನ ಮೇಲೆ ಸುಡುವುದು ಬೇಡ. ಉಪ್ಪುನೀರು ಬರ್ನರ್ ಒಳಗೆ ಇಳಿಯುತ್ತದೆ, ಚಿಪ್ಪಿನ ಚಕ್ಕೆ ಅಡುಗೆಮನೆ ತುಂಬಾ ಹಾರುತ್ತದೆ. ಮೈಕ್ರೋವೇವ್ ಕೂಡ ಬೇಡ, ಒಂದು ಕಡೆ ಹಸಿ, ಇನ್ನೊಂದು ಕಡೆ ಚರ್ಮ.

ಇನ್ನು ಇಡ್ಲಿ ಪಾತ್ರೆ, ಅಥವಾ ಕಡುಬು ಬೇಯಿಸುವ ಪಾತ್ರೆ. ಇದು ಸುಡುವ ವಿಧಾನ ಅಲ್ಲ, ಆದರೂ ಇದರ ಪರವಾಗಿ ನಾನು ಗಟ್ಟಿಯಾಗಿ ಮಾತಾಡುತ್ತೇನೆ. ಹಸಿ ಆಯ್ಸ್ಟರನ್ನು ಚಾಕುವಿನಿಂದ ಬಿಡಿಸುವುದು ಅಭ್ಯಾಸ ಇಲ್ಲದವರಿಗೆ ಅಪಾಯ, ಅಂಗೈ ಕೊಯ್ದುಕೊಳ್ಳುವವರು ಬಹಳ. ಆವಿಯಲ್ಲಿ ತಾನೇ ಬಾಯಿ ಬಿಡುತ್ತದೆ. ತಟ್ಟೆಯಲ್ಲಿ ತಗ್ಗು ಚಿಪ್ಪು ಕೆಳಗಾಗುವಂತೆ ಜೋಡಿಸಿ, ಹಬೆ ಬಂದ ಮೇಲೆ ಒಳಗಿಡಿ. ಬಾಯಿ ಬಿಟ್ಟ ಮೇಲೆ ಇನ್ನೂ ನಾಲ್ಕು ನಿಮಿಷವಾದರೂ ಹಬೆಯಲ್ಲೇ ಇರಲಿ. ತಟ್ಟೆಗೆ ಇಳಿದ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಆಮೇಲೆ ಮೇಲಿನ ಚಿಪ್ಪು ತೆಗೆದು, ಸೋಸಿದ ನೀರು ಅರ್ಧ ಚಮಚ, ಬೆಣ್ಣೆ ಒಂದು ಚಮಚ ಹಾಕಿ, ಕೆಂಡಕ್ಕೋ ಓವನ್ನಿಗೋ ಮೂರ್ನಾಲ್ಕು ನಿಮಿಷ. ಚೆನ್ನಾಗಿ ಬೆಂದಿದೆ ಅನ್ನುವ ಧೈರ್ಯ ಹಬೆಯಿಂದ, ಹೊಗೆಯ ರುಚಿ ಕೆಂಡದಿಂದ. ಜನ ಜಾಸ್ತಿ ಇರುವ ದಿನ ಹಬೆಯ ಕೆಲಸ ಮಧ್ಯಾಹ್ನವೇ ಮುಗಿಸಿ ಫ್ರಿಜ್ಜಿನಲ್ಲಿಟ್ಟು, ಸಂಜೆ ಬೆಣ್ಣೆ ಹಾಕಿ ಒಳಗೆಲ್ಲ ಕುದಿ ಬರುವ ತನಕ ಸುಡಬಹುದು. ನನ್ನನ್ನು ಒಂದೇ ವಿಧಾನ ಆರಿಸು ಅಂದರೆ, ಘಟ್ಟದ ಮೇಲಿನ ಮನೆಗಳಿಗೆ ಇದನ್ನೇ ಹೇಳುತ್ತೇನೆ.

ಯಾವ ವಿಧಾನವೇ ಆಗಲಿ, ಎಷ್ಟು ಕಾಸಿದರೂ ಬಾಯಿ ಬಿಡದ ಚಿಪ್ಪಿಯನ್ನು ಹಠ ಹಿಡಿದು ಒಡೆಯಬೇಡಿ. ಅದು ಕಸಕ್ಕೆ.

ಯಾವ ಬೆಣ್ಣೆ?

ಮೊದಲು ಬರೀ ಬೆಣ್ಣೆಯ ಮಾತು. ಪ್ಯಾಕೆಟ್ಟಿನ ಹಳದಿ ಟೇಬಲ್ ಬಟರ್‌ನಲ್ಲಿ ಉಪ್ಪು ಇರುತ್ತದೆ. ಆಯ್ಸ್ಟರಿನ ನೀರಲ್ಲೂ ಉಪ್ಪು. ಎರಡೂ ಸೇರಿದರೆ ನಾಲಿಗೆ ಸುಡುತ್ತದೆ. ಉಪ್ಪಿಲ್ಲದ ಬಿಳಿ ಬೆಣ್ಣೆ ತಗೊಳ್ಳಿ. ಮನೆಯಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆ ಇದ್ದರೆ ಎಲ್ಲಕ್ಕಿಂತ ಚೆನ್ನ. ಅದರ ಸಣ್ಣ ಹುಳಿ ಚಿಪ್ಪಿಯ ಸಿಹಿಯನ್ನು ಎತ್ತಿ ಹಿಡಿಯುತ್ತದೆ. ತಣ್ಣೀರಿನಲ್ಲಿ ಮೂರ್ನಾಲ್ಕು ಸಲ, ನೀರು ತಿಳಿಯಾಗುವ ತನಕ ತೊಳೆಯಬೇಕು ಅಷ್ಟೇ. ಮಜ್ಜಿಗೆ ಉಳಿದರೆ ಬೇಗ ಸೀಯುತ್ತದೆ.

ತುಪ್ಪ ಯಾಕಾಗಬಾರದು? ತುಪ್ಪ ಜೋರು ಕಾವನ್ನು ತಡೆಯುತ್ತದೆ ನಿಜ. ಆದರೆ ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು, 16 ಭಾಗದಷ್ಟು ನೀರು, ಉಳಿದದ್ದು ಹಾಲಿನ ಅಂಶ. ಆ ನೀರು, ಹಾಲಿನ ಅಂಶ ಇರುವುದರಿಂದಲೇ ಬೆಣ್ಣೆ ಚಿಪ್ಪಿಯ ನೀರಿನ ಜೊತೆ ಬೆರೆತು ಮಂದವಾಗುತ್ತದೆ. ತುಪ್ಪ ಎಣ್ಣೆಯ ಪದರವಾಗಿ ಮೇಲೆ ತೇಲುತ್ತದೆ. ತುಪ್ಪ ಅಕ್ಕಿರೊಟ್ಟಿಗಿರಲಿ.

ರುಚಿ ಕಟ್ಟುವುದಕ್ಕೆ 100 ಗ್ರಾಂ ಬೆಣ್ಣೆ ಲೆಕ್ಕ ಇಟ್ಟುಕೊಳ್ಳಿ, ಇಪ್ಪತ್ತು ಆಯ್ಸ್ಟರಿಗೆ ಸಾಕು. ಫ್ರಿಜ್ಜಿನಿಂದ ತೆಗೆದು ಬೆರಳು ಒತ್ತಿದರೆ ಇಳಿಯುವಷ್ಟು ಮೆತ್ತಗಾಗಲಿ. ಕರಗಿಸಬೇಡಿ.

ಬೆಳ್ಳುಳ್ಳಿ, ಕಾಳುಮೆಣಸಿನ ಬೆಣ್ಣೆ ಎಲ್ಲರಿಗೂ ಗೊತ್ತಿರುವ ದಾರಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕೆಂಡದ ಮೇಲೆ ಸುಡುವ ಆಯ್ಸ್ಟರಿಗೆ ಹಾಕುವುದು ಬೆಳ್ಳುಳ್ಳಿ ಬೆಣ್ಣೆ ಮತ್ತು ಗಟ್ಟಿ ಚೀಸ್. ಅದೇ ಊರಿನ ಆಂಟ್ವಾನ್ಸ್ ಹೋಟೆಲಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬೆಣ್ಣೆ, ಸೊಪ್ಪು ಹಾಕಿ ಬೇಯಿಸಿದ ಆಯ್ಸ್ಟರ್ ರಾಕ್‌ಫೆಲರ್ ಹುಟ್ಟಿತು. ನಮ್ಮಲ್ಲಿ ಚೀಸ್ ಬೇಕಾಗಿಲ್ಲ, ಕಾಳುಮೆಣಸೇ ಸಾಕು. ಆರು ಎಸಳು ಬೆಳ್ಳುಳ್ಳಿ ಜಜ್ಜಿ, ಒಂದು ಚಮಚ ಬೆಣ್ಣೆಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿದು ಆರಿಸಿ. ಹಸಿಯಾಗಿ ಹಾಕಿದರೆ ನಾಲ್ಕು ನಿಮಿಷದ ಕಾವಿನಲ್ಲಿ ಬೇಯುವುದಿಲ್ಲ, ಬಾಯಲ್ಲಿ ಬೆಳ್ಳುಳ್ಳಿಯೇ ಉಳಿಯುತ್ತದೆ. ಆಗಷ್ಟೇ ಕುಟ್ಟಿದ ಕಾಳುಮೆಣಸು ಒಂದು ಚಮಚ, ಹೆಚ್ಚಿದ ಕೊತ್ತಂಬರಿ ಸೊಪ್ಪು ಒಂದು ಹಿಡಿ. ನೀಲಿಕಲ್ಲಿಗೆ ಇದು ಬಹಳ ಒಪ್ಪುತ್ತದೆ. ಚಿಪ್ಪಿ ಅಂದರೆ ಮುಖ ಸಿಂಡರಿಸುವವರು ಮನೆಯಲ್ಲಿದ್ದರೂ ಇದರಿಂದಲೇ ಶುರು ಮಾಡಿ.

ಆಯ್ಸ್ಟರಿಗೆ ನನ್ನ ಆಯ್ಕೆ ಸೂಜಿಮೆಣಸು ಮತ್ತು ಅಂಬೆಕೊಂಬಿನ ಬೆಣ್ಣೆ. ಅಂಬೆಕೊಂಬು ಅಂದರೆ ಮಾವಿನಕಾಯಿ ಪರಿಮಳದ ಆ ಶುಂಠಿ, ಚಟ್ನಿ, ತಂಬುಳಿಗೆ ಹಾಕುತ್ತೇವಲ್ಲ, ಅದೇ. ಅದಕ್ಕೆ ಮಾವಿನ ಹುಳಿಯ ವಾಸನೆ ಇದೆ, ಹುಳಿ ಇಲ್ಲ. ಶುಂಠಿಯ ತಂಪು ಇದೆ, ಘಾಟು ಇಲ್ಲ. ಬೆಣ್ಣೆಗೆ ಇದು ಎಷ್ಟು ಹೊಂದುತ್ತದೆ ಅಂದರೆ ಬಿಸಿ ತಾಗಿದ ಕೂಡಲೇ ಮೊದಲು ಮೂಗಿಗೆ ಬರುವುದು ಎಳೆ ಮಾವಿನಮಿಡಿಯ ವಾಸನೆ, ಹಿಂದೆಯೇ ಸಮುದ್ರ. ಎರಡು ಇಂಚು ಅಂಬೆಕೊಂಬು ಸಿಪ್ಪೆ ತೆಗೆದು ಸಣ್ಣಗೆ ತುರಿಯಿರಿ, ರಸ ಹಿಂಡಿ ತೆಗೆಯಿರಿ. ಸೂಜಿಮೆಣಸು ಮೂರೇ ಸಾಕು, ಖಾರ ತಿನ್ನುವವರಿಗೆ ಐದು. ಜಜ್ಜಿ ಸೇರಿಸಿ. ನಿಂಬೆಯ ಹಳದಿ ಸಿಪ್ಪೆಯನ್ನು ಮಾತ್ರ ಸ್ವಲ್ಪ ತುರಿದು ಹಾಕಿ. ನಿಂಬೆ ರಸವನ್ನು ಬೆಣ್ಣೆಗೆ ಸೇರಿಸಬೇಡಿ, ಬೆಣ್ಣೆ ಒಡೆದು ನೀರು ಬಿಡುತ್ತದೆ. ತಿನ್ನುವಾಗ ಎರಡು ಹನಿ ಹಿಂಡಿಕೊಂಡರೆ ಆಯಿತು. ಅಂಬೆಕೊಂಬು ಸಿಗದಿದ್ದರೆ ಎಳೆ ಶುಂಠಿ ಅರ್ಧ ಇಂಚು. ಆ ಪರಿಮಳ ಬರುವುದಿಲ್ಲ, ಆದರೂ ಬೆಳ್ಳುಳ್ಳಿಗಿಂತ ಆಯ್ಸ್ಟರಿಗೆ ಇದೇ ಹತ್ತಿರ. ಆಯ್ಸ್ಟರಿನ ರುಚಿ ಸೂಕ್ಷ್ಮ, ಅದರ ಮೇಲೆ ಕೂಗಾಡುವ ಮಸಾಲೆ ಬೇಡ.

ಉಪ್ಪಾಗೆ ಅನ್ನುವ ಘಟ್ಟದ ಹುಳಿ ಹಣ್ಣಿನ ಬೆಣ್ಣೆ ಬೇರೆಯದೇ ದಿಕ್ಕು. ಒಣಗಿಸಿದ ಸಿಪ್ಪೆ ಎರಡು ಬಿಸಿನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಒಂದು ಚಮಚದಷ್ಟು ಗಟ್ಟಿ ಮುದ್ದೆಯನ್ನು ಬೆಣ್ಣೆಗೆ ಕಲಸಿ. ಬಣ್ಣ ಕಪ್ಪಗಾಗುತ್ತದೆ, ನೋಡುವುದಕ್ಕೆ ಚೆನ್ನಾಗಿಲ್ಲ. ರುಚಿ ಮಾತ್ರ ಗಾಢ, ಹೊಗೆಯ ವಾಸನೆಯೂ ಇರುತ್ತದೆ. ಓವನ್ನಿನಲ್ಲಿ ಮಾಡಿ ಕೆಂಡದ ರುಚಿ ಸಿಗಲಿಲ್ಲ ಅನ್ನುವವರು ಇದನ್ನು ಹಾಕಿ ನೋಡಿ.

ಅಪ್ಪೆಮಿಡಿ ಉಪ್ಪಿನಕಾಯಿ ಹೆಚ್ಚಿ ಬೆಣ್ಣೆಗೆ ಸೇರಿಸುವ ಆಸೆ ಮಲೆನಾಡಿನವರಿಗೆಲ್ಲ ಬರುತ್ತದೆ ಅಲ್ವಾ? ಆಯ್ಸ್ಟರಿಗೆ ಬೇಡ. ಉಪ್ಪು ಮಿತಿಮೀರುತ್ತದೆ, ಸೊನೆಯ ಪರಿಮಳದ ಮುಂದೆ ಚಿಪ್ಪಿ ಸೋಲುತ್ತದೆ. ಬಾಣಲೆಯಲ್ಲಿ ತಿರುವಿದ ಬಳಚಿಗೆ ಮಾತ್ರ ಒಂದು ಮಿಡಿ, ಉಪ್ಪುರಸ ಒರೆಸಿ, ಹೆಚ್ಚಿ ಹಾಕಬಹುದು.

ಕಲಸಿದ ಬೆಣ್ಣೆಯನ್ನು ಬಾಡಿಸಿದ ಬಾಳೆ ಎಲೆಯಲ್ಲಿ ಉದ್ದಕ್ಕೆ ಸುತ್ತಿ ಫ್ರಿಜ್ಜಿನಲ್ಲಿಡಿ. ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಕೊಯ್ದು ಒಂದೊಂದು ಚಿಪ್ಪಿಗೆ ಒಂದೊಂದು ಇಡುವುದು ಸುಲಭ. ಬೆಳ್ಳುಳ್ಳಿ ಹಾಕಿದ ಬೆಣ್ಣೆಯನ್ನು ಹೊರಗಡೆ ಇಡಲೇಬೇಡಿ. ಗಾಳಿಯಾಡದ ಕೊಬ್ಬಿನೊಳಗಿನ ಬೆಳ್ಳುಳ್ಳಿಯಲ್ಲಿ ಬೊಟುಲಿಸಂ ಅನ್ನುವ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ, ಅದಕ್ಕಿಂತ ಜಾಸ್ತಿ ಬೇಕಾದರೆ ಫ್ರೀಜರ್.

ಬಡಿಸುವಾಗ

ಒಬ್ಬರಿಗೆ ಐದಾರು ಆಯ್ಸ್ಟರ್ ಲೆಕ್ಕ ಹಾಕಿ. ನೀಲಿಕಲ್ಲಾದರೆ ಹದಿನೈದಾದರೂ ಬೇಕು. ಜೊತೆಗೆ ಬ್ರೆಡ್ ಬೇಡ, ತೆಳ್ಳಗೆ ತಟ್ಟಿದ ಅಕ್ಕಿರೊಟ್ಟಿ ಅಥವಾ ಬಿಸಿ ಕಡುಬು ಇರಲಿ. ಚಿಪ್ಪಿನ ತಳದಲ್ಲಿ ಉಳಿದ ಬೆಣ್ಣೆ ನೀರನ್ನು ಕಡುಬು ಹೀರಿಕೊಳ್ಳುವಷ್ಟು ಚೆನ್ನಾಗಿ ಇನ್ಯಾವುದೂ ಹೀರುವುದಿಲ್ಲ. ತಟ್ಟೆಗೆ ಅಡಿಕೆ ಹಾಳೆ ಸಾಕು, ಬಿಸಿ ಚಿಪ್ಪನ್ನೂ ತಡೆದುಕೊಳ್ಳುತ್ತದೆ. ಒಳಗೆ ಮೀನು ಮಾಂಸ ಒಗ್ಗದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೂ ಅಂಗಳದ ಕೆಂಡ, ಹಾಳೆ ತಟ್ಟೆ ಅನುಕೂಲ, ಅಡುಗೆಮನೆಯ ಪಾತ್ರೆ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಉಳಿದರೆ ಮಾಂಸ ಬಿಡಿಸಿ ಕೂಡಲೇ ಫ್ರಿಜ್ಜಿಗೆ. ಮತ್ತೆ ಸುಟ್ಟರೆ ಗಟ್ಟಿಯಾಗುತ್ತದೆ, ಮಾರನೇ ದಿನ ಈರುಳ್ಳಿ, ತೆಂಗಿನತುರಿ ಹಾಕಿ ಸುಕ್ಕ ಮಾಡಿಕೊಳ್ಳಿ. ಖಾಲಿ ಚಿಪ್ಪು ತೊಳೆದು ಒಣಗಿಸಿ, ಕೆಂಡದಲ್ಲಿ ಚೆನ್ನಾಗಿ ಸುಟ್ಟು, ಆರಿದ ಮೇಲೆ ಕುಟ್ಟಿ ತೋಟಕ್ಕೆ ಹಾಕಿ. ಹಿಂದೆ ಎಲೆ ಅಡಿಕೆಯ ಸುಣ್ಣವನ್ನೂ ಚಿಪ್ಪು ಸುಟ್ಟೇ ಮಾಡುತ್ತಿದ್ದರು. ಮಳೆಗೆ ತೊಳೆದು ಹುಳಿಯಾದ ನಮ್ಮ ಮಣ್ಣಿಗೆ ಸುಣ್ಣ ಬೇಕೇ ಬೇಕು. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.